ಸಾಲದ ಲೆಕ್ಕ ಯಾರ ಕೈಯಲ್ಲಿ?

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಗಾದೆಯನ್ನು ನಮ್ಮ ಕಡೆ ಹೆಣ್ಣುಮಕ್ಕಳಿಗೇ ಹೆಚ್ಚಾಗಿ ಹೇಳುತ್ತಾರೆ. ಮನೆಯಲ್ಲಿ ಸಾಲವಾಯಿತೆಂದರೆ ಮೊದಲ ಮಾತು ಬೀಳುವುದೂ ಅವಳ ಮೇಲೆಯೇ. ಹಬ್ಬಕ್ಕೆ ಕೈ ಬಿಟ್ಟು ಖರ್ಚು ಮಾಡಿದಳು, ತವರಿನವರ ಎದುರು ಮರ್ಯಾದೆ ಉಳಿಸಿಕೊಳ್ಳಲು ಸೀರೆ ತಂದಳು, ಅಂಗಡಿ ಹಾಕುತ್ತೇನೆಂದು ಹೋಗಿ ಸಾಲ ಮಾಡಿಕೊಂಡಳು ಎಂದು ನಾಲ್ಕು ಜನ ನಾಲ್ಕು ಮಾತು ಆಡುತ್ತಾರೆ. ಸಾಲ ಆಗುವುದು ದುಂದುಗಾರಿಕೆಯಿಂದ, ತೀರುವುದು ಮಿತವ್ಯಯದಿಂದ ಎಂಬುದು ನಮ್ಮೆಲ್ಲರ ನಂಬಿಕೆ. ಆದರೆ ನಮ್ಮ ಸೀಮೆಯ ಸಾಲದ ಇತಿಹಾಸವನ್ನು ಸ್ವಲ್ಪ ತಿರುವಿ ನೋಡಿದರೆ ಈ ನಂಬಿಕೆ ಪೂರ್ತಿ ನಿಜವಲ್ಲ ಎನಿಸುತ್ತದೆ. ಮೈಮುರಿದು ದುಡಿದವರೂ, ಹೊಟ್ಟೆ ಕಟ್ಟಿ ಉಳಿಸಿದವರೂ ತಲೆತಲಾಂತರ ಸಾಲದಲ್ಲೇ ಇದ್ದರು. ಅವರಿಗೆ ಇಲ್ಲದಿದ್ದುದು ಒಂದೇ. ತಾವು ಎಷ್ಟು ತಂದೆವು, ಎಷ್ಟು ಕೊಟ್ಟೆವು, ಇನ್ನೆಷ್ಟು ಬಾಕಿ ಎಂಬ ಲೆಕ್ಕ ಅವರ ಕೈಯಲ್ಲಿರಲಿಲ್ಲ.

ಈ ಮಾತು ನನಗೆ ಹೊಳೆದದ್ದು ಪುಸ್ತಕದಿಂದಲ್ಲ. ಶಾಲೆಯಲ್ಲಿ ಇತಿಹಾಸ ಕಲಿಸುವವಳಾದ್ದರಿಂದ ಓಣಿಯ ಹೆಣ್ಣುಮಕ್ಕಳು ಆಗಾಗ ಕಾಗದ ಪತ್ರ ಓದಿಸಿಕೊಳ್ಳಲು ಬರುತ್ತಾರೆ. ಹಿಂದೆ ಮಗನ ಪತ್ರ, ಮನಿಯಾರ್ಡರಿನ ಚೀಟಿ ತರುತ್ತಿದ್ದರು. ಕೆಲವು ವರ್ಷಗಳಿಂದ ಬರುವುದೆಲ್ಲ ಸಾಲದ ಕಾರ್ಡುಗಳು. “ಅಕ್ಕೋರ, ಇದರಾಗ ಏನ್ ಬರದಾರ, ಒಂದೀಟು ಓದಿ ಹೇಳ್ರಿ” ಎಂದು ಮುಂದೆ ಹಿಡಿಯುತ್ತಾರೆ. ಕಂತು ಎಷ್ಟು, ಯಾವ ವಾರ ಕಟ್ಟಬೇಕು ಎಂಬುದು ಅವರಿಗೆ ಬಾಯಿಪಾಠವಾಗಿರುತ್ತದೆ. ಬಡ್ಡಿಯ ದರವೇನು, ಅಸಲಿನಲ್ಲಿ ಎಷ್ಟು ಹರಿದಿದೆ ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಹೀಗೆ ಮುಖ ನೋಡಿದವರಲ್ಲಿ ಅವರು ಮೊದಲಿನವರಲ್ಲ. ನಮ್ಮ ಧಾರವಾಡ ಸೀಮೆಯಲ್ಲಿ ಈ ಕಥೆಗೆ ನೂರೈವತ್ತು ವರ್ಷಕ್ಕೂ ಹೆಚ್ಚಿನ ವಯಸ್ಸು.

ಸವಣೂರು ಸಣ್ಣ ಊರು. 1948ರವರೆಗೆ ಇದು ನವಾಬರ ಸಂಸ್ಥಾನ. ಸುಮಾರು 70 ಚದರ ಮೈಲಿಯ, ಒಂದು ದಿನದಲ್ಲಿ ಕುದುರೆಯ ಮೇಲೆ ಸುತ್ತಿ ಬರಬಹುದಾದಷ್ಟು ನಾಡು. ಸುತ್ತಲಿನ ಹಾನಗಲ್ಲ, ಬಂಕಾಪುರ, ಇಂದಿನ ಹಿರೇಕೆರೂರನ್ನು ಒಳಗೊಂಡಿದ್ದ ಕೋಡ ತಾಲ್ಲೂಕುಗಳೆಲ್ಲ ಇಂಗ್ಲಿಷರ ಧಾರವಾಡ ಜಿಲ್ಲೆಗೆ ಸೇರಿದ್ದವು. 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಹಾವೇರಿ ಜಿಲ್ಲೆಯಾದಾಗ ಇವೆಲ್ಲ ಆ ಜಿಲ್ಲೆಗೆ ಸೇರಿದವು. ಸವಣೂರಿನ ಹೆಸರು ಹೊರಗೆ ಕೇಳಿಬರುವುದು ವೀಳ್ಯದೆಲೆಗೆ ಮತ್ತು ಖಾರಾಕ್ಕೆ. ಎರಡೂ ಸಂಬಳದ ಕಸುಬಲ್ಲ. ಎಲೆಬಳ್ಳಿಯ ತೋಟ ಮಾಡುವವನು, ಎಲೆ ಕಟ್ಟಿ ಸಂತೆಗೆ ಒಯ್ಯುವವಳು, ಖಾರಾ ಕರಿಯುವವನು, ರೊಟ್ಟಿ ಬಡಿಯುವವಳು, ಬಳೆ ಮಾರುವವಳು, ಹೊಲಿಗೆಯವಳು, ಎಲ್ಲರೂ ತಮ್ಮ ಕೈಯನ್ನೇ ನಂಬಿ ಬದುಕುವವರು. ತಿಂಗಳ ಕೊನೆಗೆ ಇಷ್ಟೇ ಬರುತ್ತದೆಂಬ ಖಾತ್ರಿ ಇಲ್ಲ. ಮಳೆ ಹೆಚ್ಚಾದರೆ ಎಲೆ ಕೊಳೆಯುತ್ತದೆ, ಎಣ್ಣೆಯ ಧಾರಣೆ ಏರಿದರೆ ಖಾರಾದ ಲಾಭ ಹೋಗುತ್ತದೆ. ಇಂಥ ಕಸುಬಿನಲ್ಲಿ ಮನೆಯ ಸಾಲ ಬೇರೆ, ವ್ಯಾಪಾರದ ಸಾಲ ಬೇರೆ ಎಂದು ಗೆರೆ ಎಳೆಯುವುದು ಕಷ್ಟ. ಎಣ್ಣೆ ಡಬ್ಬಿಗೆಂದು ತಂದ ದುಡ್ಡು ಮಗುವಿನ ಜ್ವರಕ್ಕೆ ಹೋಗುತ್ತದೆ. ಮದುವೆಗೆಂದು ತಂದದ್ದರಲ್ಲಿ ಉಳಿದದ್ದು ಅಂಗಡಿಗೆ ಸಾಮಾನಾಗುತ್ತದೆ. ಕೊನೆಗೆ ಎಲ್ಲವೂ ಒಂದೇ ಗಂಟು.

ಈ ಗಂಟು ನಮ್ಮ ಸೀಮೆಯಲ್ಲಿ ದೊಡ್ಡದಾಗಿ ಬಿಗಿದದ್ದು ಹತ್ತಿಯಿಂದ. 1840ರ ದಶಕದಲ್ಲಿ ಇಂಗ್ಲಿಷರು ಅಮೆರಿಕದ ಹತ್ತಿಯ ಬೀಜವನ್ನು ಧಾರವಾಡದ ಕರಿಮಣ್ಣಿಗೆ ತಂದು ಪ್ರಯೋಗ ಮಾಡಿದರು. ಅದು ಇಲ್ಲಿ ನೆಲೆ ನಿಂತು ಧಾರವಾಡ ಅಮೆರಿಕನ್ ಹತ್ತಿ ಎಂದೇ ಹೆಸರಾಯಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು. ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತಿತು. ಗಿರಣಿಯವರ ಕಣ್ಣು ನಮ್ಮ ಕಡೆ ಹೊರಳಿತು. ಧಾರಣೆ ಹಿಂದೆಂದೂ ಕಾಣದಷ್ಟು ಏರಿತು. ಸಾಹುಕಾರರು ರೈತನ ಮನೆ ಬಾಗಿಲಿಗೆ ಬಂದು ಸಾಲ ಕೊಟ್ಟರು. ಬೆಲೆ ಇರುವಾಗ ಸಾಲ ಕೇಳದೆಯೇ ಬರುತ್ತದೆ. ಅದನ್ನು ನಾವು ಇಂದಿಗೂ ಕಾಣುತ್ತೇವೆ. 1865ರಲ್ಲಿ ಯುದ್ಧ ಮುಗಿಯಿತು. ಅಮೆರಿಕದ ಹತ್ತಿ ಮತ್ತೆ ಪೇಟೆಗೆ ಬಂತು, ಇಲ್ಲಿನ ಧಾರಣೆ ಕುಸಿಯಿತು. ಧಾರಣೆಯೊಂದಿಗೆ ಸಾಲ ಇಳಿಯಲಿಲ್ಲ. ಏರಿದ ಕಾಲದಲ್ಲಿ ಬರೆದುಕೊಟ್ಟ ಕಾಗದಕ್ಕೆ ಇಳಿದ ಕಾಲದ ದುಡ್ಡಿನಿಂದ ಬಡ್ಡಿ ಕಟ್ಟಬೇಕಾಯಿತು.

ಆ ಕಾಗದವನ್ನು ಬರೆದವರು ಯಾರು? ಸಾಹುಕಾರನ ಗುಮಾಸ್ತ. ಓದಲು ಬಾರದ ರೈತ ಅದರ ಕೆಳಗೆ ಗುರುತು ಹಾಕುತ್ತಿದ್ದ. ಎರಡು ಮೂರು ವರ್ಷಕ್ಕೊಮ್ಮೆ ಹಳೆಯ ಕಾಗದ ಹೋಗಿ ಹೊಸದು ಬರುತ್ತಿತ್ತು. ಹಳೆಯ ಬಡ್ಡಿಯೂ ಅಸಲಿನೊಳಗೆ ಸೇರಿ ಹೊಸ ಅಸಲಾಗುತ್ತಿತ್ತು. ನಡುವೆ ಕೊಟ್ಟ ಜೋಳದ ಚೀಲ, ಹತ್ತಿಯ ಅಂಡಿಗೆ ಇವೆಲ್ಲ ಎಷ್ಟು ರೂಪಾಯಿಗೆ ಜಮೆಯಾದವು ಎಂಬುದು ಸಾಹುಕಾರನ ಕೀರ್ದಿ ಖತಾವಣಿಗೆ ಮಾತ್ರ ಗೊತ್ತು. ಇಂದಿಗೂ ನಮ್ಮ ಪೇಟೆಯಲ್ಲಿ ದೀಪಾವಳಿಗೆ ಅಂಗಡಿಯವರು ಹೊಸ ಲೆಕ್ಕದ ಪುಸ್ತಕಕ್ಕೆ ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ. ಅದು ಒಳ್ಳೆಯ ಪದ್ಧತಿ. ಆದರೆ ಸಾಲ ಕೊಡುವವನ ಮನೆಯಲ್ಲಿ ಪೂಜೆಗೊಳ್ಳುವ ಪುಸ್ತಕ, ಸಾಲ ತಂದವರ ಮನೆಯಲ್ಲಿ ಇರುವುದೇ ಇಲ್ಲ.

ಪುಣೆ ಮತ್ತು ಅಹಮದನಗರ ಜಿಲ್ಲೆಗಳ ರೈತರು 1875ರಲ್ಲಿ ಈ ಕಾಗದಗಳ ಮೇಲೆಯೇ ಎದ್ದರು. ಆ ವರ್ಷದ ಮೇ 12ರಂದು ಪುಣೆ ಜಿಲ್ಲೆಯ ಸುಪಾ ಎಂಬ ಊರಿನ ಸಂತೆಯಲ್ಲಿ ಶುರುವಾದ ಗಲಭೆ ಹಳ್ಳಿಯಿಂದ ಹಳ್ಳಿಗೆ ಹಬ್ಬಿತು. ಇತಿಹಾಸದಲ್ಲಿ ಇದಕ್ಕೆ ದಖ್ಖನ್ ದಂಗೆ ಎಂದು ಹೆಸರು. ರೈತರು ಹೆಚ್ಚಿನ ಕಡೆ ಯಾರನ್ನೂ ಕೊಲ್ಲಲಿಲ್ಲ. ಅವರು ಕೇಳಿದ್ದು ಸಾಲದ ಪತ್ರ. ಕೊಟ್ಟರೆ ಸುಟ್ಟು ಮನೆಗೆ ಹೋದರು. ಹಣದ ಪೆಟ್ಟಿಗೆಗಿಂತ ಕಾಗದದ ಪೆಟ್ಟಿಗೆಯ ಮೇಲೆ ಅವರ ಕಣ್ಣು ಇದ್ದದ್ದನ್ನು ನೋಡಿದರೆ ನೋವು ಎಲ್ಲಿತ್ತು ಎಂಬುದು ಅರ್ಥವಾಗುತ್ತದೆ.

ಮರುವರ್ಷವೇ ಮಹಾ ಬರ ಬಂತು. 1876ರಿಂದ 78ರವರೆಗಿನ ಆ ಬರ ಧಾರವಾಡ ಜಿಲ್ಲೆಯನ್ನೂ ಕಾಡಿತು. ಬರದಲ್ಲಿ ಮೊದಲು ಮನೆಯಿಂದ ಹೊರಗೆ ಹೋಗುವುದು ಹೆಂಗಸಿನ ಮೈಮೇಲಿನದು. ಹಳ್ಳಿಗಳ ಬೆಳ್ಳಿಯ ಕಡಗ, ಡಾಬು, ಕಾಲುಸರಪಳಿಗಳು ಮಾರಾಟವಾಗಿ ರಾಶಿ ರಾಶಿಯಾಗಿ ಮುಂಬಯಿಯ ಟಂಕಸಾಲೆ ಸೇರಿ ಕರಗಿದವು. ಸಾಲದ ಇತಿಹಾಸ ಬರೆಯುವವರು ಹೊಲ, ಎತ್ತು, ತೀರುವೆಗಳ ಲೆಕ್ಕ ಹೇಳುತ್ತಾರೆ. ಆ ಬೆಳ್ಳಿಯನ್ನು ಬಿಚ್ಚಿಕೊಟ್ಟ ಹೆಂಗಸರ ಹೆಸರಿನಲ್ಲಿ ಯಾವ ಖಾತೆಯಲ್ಲೂ ಜಮೆ ಇಲ್ಲ.

ದಂಗೆ ಮತ್ತು ಬರ ಎರಡನ್ನೂ ಕಂಡ ಸರ್ಕಾರ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ತಂದಿತು. ಮೊದಲು ಅದು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಈ ನಾಲ್ಕು ಜಿಲ್ಲೆಗಳಿಗೆ ಮಾತ್ರ ಇತ್ತು. ಮುಂದೆ ಮುಂಬಯಿ ಇಲಾಖೆಯ ಇತರ ಜಿಲ್ಲೆಗಳಿಗೂ ವಿಸ್ತಾರವಾಯಿತು. ಈ ಕಾಯ್ದೆಯನ್ನು ನಾವು ಪಾಠದಲ್ಲಿ ಒಂದು ಸಾಲಿನಲ್ಲಿ ಮುಗಿಸುತ್ತೇವೆ. ಒಳಗೆ ನೋಡಿದರೆ ಅಚ್ಚರಿಯಾಗುತ್ತದೆ. ಸಾಲದ ಪತ್ರದಲ್ಲಿ ಬರೆದದ್ದೇ ಕೊನೆ ಎನ್ನದೆ, ವ್ಯವಹಾರ ಶುರುವಾದಂದಿನಿಂದ ಏನೇನು ಕೊಡುಕೊಳ್ಳುವುದು ನಡೆಯಿತೆಂದು ಕೋರ್ಟು ಬಿಡಿಸಿ ನೋಡಬೇಕು ಎಂದು ಅದರಲ್ಲಿತ್ತು. ಪತ್ರಗಳನ್ನು ಗ್ರಾಮದ ನೋಂದಣಿಗಾರನ ಎದುರಿಗೆ ಬರೆಸಬೇಕು. ಹಣ ಕಟ್ಟಿದರೆ ರಸೀದಿ ಕೊಡಬೇಕು. ವರ್ಷಕ್ಕೊಮ್ಮೆ ಲೆಕ್ಕದ ಪಟ್ಟಿ ಕೊಡಬೇಕು. ಸಾಲಗಾರ ಕೇಳಿದರೆ ಪಾಸ್‌ಬುಕ್ ಮಾಡಿಕೊಟ್ಟು ಅದರಲ್ಲಿ ಕಾಲಕಾಲಕ್ಕೆ ಬರೆದುಕೊಡಬೇಕು. ಸಾಲಕ್ಕಾಗಿ ರೈತನನ್ನು ಹಿಡಿದು ಜೈಲಿಗೆ ಹಾಕುವಂತಿಲ್ಲ. ಎಂದರೆ ಲೆಕ್ಕದ ಒಂದು ಪ್ರತಿ ಸಾಲಗಾರನ ಮನೆಯಲ್ಲೂ ಇರಬೇಕು ಎಂದು 1879ರಲ್ಲೇ ಕಾನೂನು ಹೇಳಿತ್ತು.

ಇದಕ್ಕಿಂತ ಹಳೆಯ ಕಟ್ಟಳೆಯೊಂದು ನಮ್ಮ ಧರ್ಮಶಾಸ್ತ್ರದಲ್ಲೇ ಇದೆ. ಅದಕ್ಕೆ ದಾಮದುಪ್ಪಟ ಎನ್ನುತ್ತಾರೆ. ಒಂದು ಸಲಕ್ಕೆ ವಸೂಲು ಮಾಡುವ ಬಡ್ಡಿ ಅಸಲಿಗಿಂತ ಹೆಚ್ಚಾಗಬಾರದು, ನೂರು ಕೊಟ್ಟವನು ಬಡ್ಡಿ ಸೇರಿ ಇನ್ನೂರಕ್ಕಿಂತ ಹೆಚ್ಚು ಕೇಳಬಾರದು ಎಂಬುದು ಅದರ ಸಾರ. ಮುಂಬಯಿ ಇಲಾಖೆಯ ಕೋರ್ಟುಗಳು ಈ ನಿಯಮವನ್ನು ಒಪ್ಪಿದ್ದವು. ಬಡ್ಡಿ ಎಂಬ ಮಾತು ವೃದ್ಧಿ ಎಂಬುದರಿಂದ ಬಂದದ್ದು. ಬೆಳೆಯುವುದಕ್ಕೂ ಒಂದು ಮಿತಿ ಇರಲಿ ಎಂದು ಹಿರಿಯರು ಗೆರೆ ಹಾಕಿದ್ದರು. ಆದರೆ ಎರಡು ಮೂರು ವರ್ಷಕ್ಕೊಮ್ಮೆ ಹೊಸ ಕಾಗದ ಬರೆಸಿದರೆ ಬಡ್ಡಿಯೇ ಅಸಲಾಗಿ ಈ ಗೆರೆ ಅಳಿಸಿಹೋಗುತ್ತಿತ್ತು. ಕಾಯ್ದೆಗಳ ಗತಿಯೂ ಹಾಗೆಯೇ ಆಯಿತು. ಓದಲು ಬಾರದವರಿಗೆ ಪಾಸ್‌ಬುಕ್ ಕೇಳುವುದು ತಮ್ಮ ಹಕ್ಕೆಂದು ಹೇಳುವವರು ಯಾರು? ಮುಂದಿನ ಬಿತ್ತನೆಗೆ ಮತ್ತೆ ಅದೇ ಸಾಹುಕಾರನ ಕಟ್ಟೆಗೆ ಹೋಗಬೇಕಾದವನು ರಸೀದಿಗೆ ಹಟ ಹಿಡಿಯುವುದು ಹೇಗೆ?

ಇದಕ್ಕೆ ಉತ್ತರವೆಂಬಂತೆ ನಮ್ಮ ಜಿಲ್ಲೆಯಲ್ಲೇ ಒಂದು ಕೆಲಸ ನಡೆಯಿತು. ಜರ್ಮನಿಯಲ್ಲಿ ರೈಫೈಸನ್ ಎಂಬಾತ ಹಳ್ಳಿಗರನ್ನು ಒಟ್ಟುಗೂಡಿಸಿ ಅವರದೇ ಸಾಲದ ಸಂಘ ಕಟ್ಟಿದ್ದ. ಆ ಮಾದರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಸರ್ಕಾರ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಮಾಡಿತು. ಮರುವರ್ಷ, 1905ರ ಮೇ 8ರಂದು, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸಂಘ ನೋಂದಣಿಯಾಯಿತು. ಏಷ್ಯಾದಲ್ಲೇ ಇದು ಮೊದಲನೆಯದೆಂದು ನಮ್ಮ ಕಡೆಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಶುರುವಿನ ಬಂಡವಾಳ ಎರಡು ಸಾವಿರ ರೂಪಾಯಿ. ಮೊತ್ತಕ್ಕಿಂತ ಮುಖ್ಯವಾದದ್ದು ಬೇರೆ. ಸಾಲದ ಪುಸ್ತಕ ಒಬ್ಬ ಸಾಹುಕಾರನ ಪೆಟ್ಟಿಗೆಯಿಂದ ಎದ್ದು ಊರ ನಡುವಿನ ಸಭೆಗೆ ಬಂತು. ಯಾರು ಎಷ್ಟು ಒಯ್ದರು, ಯಾರು ಎಷ್ಟು ಕಟ್ಟಿದರು ಎಂಬುದನ್ನು ಸದಸ್ಯರು ಕೇಳಬಹುದಿತ್ತು. ಅದರೊಂದಿಗೆ ಒಂದು ಭಾರವೂ ಇತ್ತು. ಗ್ರಾಮೀಣ ಸಂಘಗಳಲ್ಲಿ ಹೊಣೆಗೆ ಮಿತಿ ಇರಲಿಲ್ಲ. ಒಬ್ಬ ಕಟ್ಟದಿದ್ದರೆ ಉಳಿದವರು ಹೊರಬೇಕು. ಒಬ್ಬರಿಗೊಬ್ಬರು ಜಾಮೀನು ಎಂಬ ಈ ಪದ್ಧತಿ ಮುಂದೆ ಹೆಣ್ಣುಮಕ್ಕಳ ಬಾಗಿಲಿಗೂ ಬರಲಿತ್ತು.

ಆದರೆ ಆ ದಿನಗಳ ಸಂಘದಲ್ಲಿ ಹೆಣ್ಣುಮಕ್ಕಳಿಗೆ ಜಾಗ ಕಡಿಮೆ. ಬೆಳೆಸಾಲ ಹೊಲದ ಮೇಲೆ, ಹೊಲ ಗಂಡಸಿನ ಹೆಸರಿನಲ್ಲಿ. ರೊಟ್ಟಿ ಬಡಿಯುವವಳಿಗೆ, ಎಲೆ ಮಾರುವವಳಿಗೆ ಯಾವ ಪತ್ತು? ಅವಳಿಗೆ ಉಳಿದದ್ದು ಕೈಗಡ, ಗಿರವಿ, ಕಿರಾಣಿ ಅಂಗಡಿಯ ಉದ್ರಿ. ಗಂಡಸರಿಗೂ ಸಂಘ ಸಾಕಾಗಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ರಿಸರ್ವ್ ಬ್ಯಾಂಕು 1951–52ರಲ್ಲಿ ಗ್ರಾಮೀಣ ಸಾಲದ ಸಮೀಕ್ಷೆ ಮಾಡಿಸಿತು. 1954ರಲ್ಲಿ ವರದಿ ಬಂತು. ಸಹಕಾರಿ ಸಂಘಗಳು ಹುಟ್ಟಿ ಅರ್ಧ ಶತಮಾನವಾದರೂ ದೇಶದ ರೈತರ ಸಾಲದಲ್ಲಿ ಅವುಗಳ ಪಾಲು ಶೇಕಡಾ 3ರಷ್ಟು ಮಾತ್ರ. ವಾಣಿಜ್ಯ ಬ್ಯಾಂಕುಗಳ ಪಾಲು ಶೇಕಡಾ ಒಂದನ್ನೂ ಮುಟ್ಟಿರಲಿಲ್ಲ. ಬಹುಪಾಲು ಲೇವಾದೇವಿಯವರದೇ.

ಆಮೇಲಿನದು ನಮ್ಮ ತಲೆಮಾರಿನವರಿಗೆ ಗೊತ್ತಿರುವ ಕಾಲ. 1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣವಾದವು. 1976ರಲ್ಲಿ ಧಾರವಾಡದಲ್ಲಿ ಮಲಪ್ರಭಾ ಗ್ರಾಮೀಣ ಬ್ಯಾಂಕು ಹುಟ್ಟಿತು. ಅದು 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿ, 2025ರ ಮೇ ತಿಂಗಳಿನಿಂದ ಇಡೀ ರಾಜ್ಯಕ್ಕೆ ಒಂದೇ ಆದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಒಂದಾಗಿದೆ. 1976ರಲ್ಲೇ ದೇವರಾಜ ಅರಸರ ಸರ್ಕಾರ ಋಣ ಪರಿಹಾರ ಕಾಯ್ದೆ ತಂದಿತು. ಸಣ್ಣ ರೈತರು, ಭೂಮಿಯಿಲ್ಲದ ಕೂಲಿಗಳು, ದುರ್ಬಲ ವರ್ಗದವರು ಲೇವಾದೇವಿಯವರಿಂದ ತಂದ ಸಾಲ ಮನ್ನಾ ಆಗಬೇಕು, ಗಿರವಿ ಇಟ್ಟ ಒಡವೆ ಪಾತ್ರೆಗಳನ್ನು ಮರಳಿ ಕೊಡಬೇಕು ಎಂಬುದು ಅದರ ತಿರುಳು. 1990ರಲ್ಲಿ ಕೇಂದ್ರ ಸರ್ಕಾರ ರೈತರ, ನೇಕಾರರ, ಕುಶಲಕರ್ಮಿಗಳ ಹತ್ತು ಸಾವಿರ ರೂಪಾಯಿವರೆಗಿನ ಬ್ಯಾಂಕ್ ಸಾಲ ಮನ್ನಾ ಮಾಡಿತು. 2019ರಲ್ಲಿ ರಾಜ್ಯದಲ್ಲಿ ಇನ್ನೊಂದು ಋಣ ಪರಿಹಾರ ಕಾಯ್ದೆ ಜಾರಿಗೆ ಬಂತು. ಮನ್ನಾದಿಂದ ಒಂದು ಗಳಿಗೆ ಉಸಿರು ಬರುತ್ತದೆ. ಅದನ್ನು ಅಲ್ಲಗಳೆಯಲಾಗದು. ಗಿರವಿಯಲ್ಲಿದ್ದ ತಾಮ್ರದ ಹಂಡೆ ಮನೆಗೆ ಬಂದಾಗ ಹೆಂಗಸರಿಗೆ ಆದ ಸಂತೋಷ ಸಣ್ಣದಲ್ಲ. ಆದರೆ ಮುಂದಿನ ಹಬ್ಬಕ್ಕೆ, ಮುಂದಿನ ಬೇನೆಗೆ ಮತ್ತೆ ಕೈ ಚಾಚಬೇಕಲ್ಲ! ಮನ್ನಾ ಹಳೆಯ ಪುಟವನ್ನು ಹರಿಯುತ್ತದೆ, ಹೊಸ ಪುಟ ಬರೆಯುವವನು ಅವನೇ ಆಗಿರುತ್ತಾನೆ.

ಈ ಮಾತನ್ನು ಚೆನ್ನಾಗಿ ತಿಳಿದವರು ಗುಜರಾತಿನ ಇಳಾ ಭಟ್ಟರು. ತರಕಾರಿ ಮಾರುವ, ಚಿಂದಿ ಆಯುವ, ಕೈಗಾಡಿ ಎಳೆಯುವ ಹೆಣ್ಣುಮಕ್ಕಳನ್ನು ಅವರು 1972ರಲ್ಲಿ ಸೇವಾ ಎಂಬ ಸಂಘಟನೆಯಾಗಿ ಕಟ್ಟಿದರು. 1974ರಲ್ಲಿ ನಾಲ್ಕು ಸಾವಿರ ಹೆಂಗಸರು ತಲಾ ಹತ್ತು ರೂಪಾಯಿ ಹಾಕಿ ತಮ್ಮದೇ ಸಹಕಾರಿ ಬ್ಯಾಂಕು ತೆರೆದರು. ಅವರಲ್ಲಿ ಹೆಚ್ಚಿನವರಿಗೆ ಸಹಿ ಮಾಡಲೂ ಬರುತ್ತಿರಲಿಲ್ಲ. ಅದಕ್ಕೆ ಪಾಸ್‌ಬುಕ್ಕಿನಲ್ಲಿ ಅವರ ಭಾವಚಿತ್ರ ಅಂಟಿಸಿದರು. ಓದು ಬಾರದವಳಿಗೂ ಇದು ನನ್ನ ಲೆಕ್ಕ ಎಂದು ಕೈಯಲ್ಲಿ ಹಿಡಿಯಲು ಒಂದು ಪುಸ್ತಕ ಸಿಕ್ಕಿತು.

ನಮ್ಮ ರಾಜ್ಯದಲ್ಲಿ ಮೈರಾಡಾ ಸಂಸ್ಥೆ 1980ರ ದಶಕದಲ್ಲಿ ಹಳ್ಳಿಗಳಲ್ಲಿ ಸಣ್ಣ ಸಣ್ಣ ಗುಂಪುಗಳನ್ನು ಕಟ್ಟಿತು. 1992ರಲ್ಲಿ ನಬಾರ್ಡ್ ಇಂಥ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುಮಾಡಿತು. 2000ದ ಇಸವಿಯಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಓಣಿ ಓಣಿಯಲ್ಲೂ ಸಂಘಗಳಾದವು. ವಾರಕ್ಕೆ ಹತ್ತಿಪ್ಪತ್ತು ರೂಪಾಯಿ ಉಳಿತಾಯ, ಹದಿನೈದು ಇಪ್ಪತ್ತು ಜನ ಸುತ್ತ ಕೂತು ಸಭೆ, ನಡುವೆ ಒಂದು ಟ್ರಂಕು, ಅದರೊಳಗೆ ಠರಾವು ಪುಸ್ತಕ ಮತ್ತು ಲೆಕ್ಕದ ವಹಿ. ಏಳನೆಯ ಇಯತ್ತೆ ಓದಿದ ಸೊಸೆಯೊಬ್ಬಳು ಗಟ್ಟಿಯಾಗಿ ಓದುತ್ತಾಳೆ. ಇಂಥವಳು ಇಷ್ಟು ಒಯ್ದಿದ್ದಾಳೆ, ಇಷ್ಟು ಕಟ್ಟಿದ್ದಾಳೆ, ಇಷ್ಟು ಉಳಿದಿದೆ. ಎಲ್ಲರೂ ಕೇಳುತ್ತಾರೆ. ತಪ್ಪಾದರೆ ಅಲ್ಲಿಯೇ ಜಗಳವಾಗುತ್ತದೆ, ಅಲ್ಲಿಯೇ ತಿದ್ದುಪಡಿಯಾಗುತ್ತದೆ. 1879ರ ಕಾಯ್ದೆ ಕೊಡಿಸಲು ಹೊರಟಿದ್ದ ಲೆಕ್ಕ ನೂರಿಪ್ಪತ್ತು ವರ್ಷ ಕಳೆದು ಹೆಣ್ಣುಮಕ್ಕಳ ಟ್ರಂಕಿನಲ್ಲಿ ಬಂದು ಕೂತಿತು ಎಂದು ನನಗೆ ಅನಿಸಿದ್ದುಂಟು.

ಅಷ್ಟರಲ್ಲಿ ಕಿರುಸಾಲದ ಕಂಪನಿಗಳು ಬಂದವು. ಇವುಗಳನ್ನೂ ನಮ್ಮ ಜನ ಸಂಘ ಎಂದೇ ಕರೆದರು. ಇಲ್ಲಿಯೂ ಗುಂಪು, ಇಲ್ಲಿಯೂ ಒಬ್ಬರಿಗೊಬ್ಬರು ಜಾಮೀನು. ಉಳಿತಾಯವಾಗಲಿ ಠರಾವಾಗಲಿ ಇಲ್ಲ. ಲೆಕ್ಕ ಎಲ್ಲೋ ದೂರದ ಕಂಪ್ಯೂಟರಿನಲ್ಲಿ. ಕಂತು ವಸೂಲು ಮಾಡಲು ಬರುವ ಹುಡುಗನ ಕೈಯಲ್ಲಿ ಒಂದು ಮೊಬೈಲು. ಪುಸ್ತಕ ಮತ್ತೆ ಕೈ ತಪ್ಪಿತು. ಎಲ್ಲ ಕಂಪನಿಗಳೂ ಕೆಟ್ಟವೆಂದು ನಾನು ಹೇಳುವುದಿಲ್ಲ. ಆಸ್ತಿಯಿಲ್ಲದ ಹೆಣ್ಣುಮಗಳಿಗೆ ಆಧಾರವಿಲ್ಲದೆ ಮೂವತ್ತು ಸಾವಿರ ಕೊಡುವವರು ಬೇರೆ ಯಾರಿದ್ದರು? ಆದರೆ ಒಂದರ ಕಂತು ಕಟ್ಟಲು ಇನ್ನೊಂದು, ಅದರ ಕಂತಿಗೆ ಮತ್ತೊಂದು ಎಂದು ಸಾಲ ಸಿಕ್ಕುತ್ತಲೇ ಹೋದಾಗ ನಮ್ಮ ಜಿಲ್ಲೆ 1865ರ ಹತ್ತಿಯ ಕಾಲವನ್ನೇ ಮತ್ತೆ ಕಂಡಿತು. 2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ವಸೂಲಿಯ ಕಾಟ ತಾಳಲಾರದೆ ‘ಮಾಂಗಲ್ಯ ಉಳಿಸಿ’ ಎಂದು ಮುಖ್ಯಮಂತ್ರಿಗೆ ಪತ್ರ ಬರೆದು ಅದರೊಂದಿಗೆ ತಾಳಿಯನ್ನೂ ಕಳಿಸಿದರು. ಬರಗಾಲದಲ್ಲಿ ಮುಂಬಯಿಯ ಟಂಕಸಾಲೆಗೆ ಹೋದ ಬೆಳ್ಳಿ ಮಾತಾಡಲಿಲ್ಲ. ಈ ತಾಳಿಗಳು ಮಾತಾಡಿದವು.

ಸರ್ಕಾರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಮೊದಲು ಹಿಂತಿರುಗಿಸಿ, ಆಮೇಲೆ ಅಂಕಿತ ಹಾಕಿದರು. ಮಾರ್ಚಿನಲ್ಲಿ ವಿಧಾನಮಂಡಲ ಅದನ್ನು ಕಾಯ್ದೆಯಾಗಿ ಒಪ್ಪಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ. ನೋಂದಣಿ, ಪರವಾನಗಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ತೀರಿತೆಂದೇ ಲೆಕ್ಕ. ಇದಕ್ಕೂ ಮೊದಲೇ, 2022ರ ಮಾರ್ಚಿನಲ್ಲಿ, ರಿಸರ್ವ್ ಬ್ಯಾಂಕು ಕಿರುಸಾಲಕ್ಕೆ ನಿಯಮ ಮಾಡಿತ್ತು. ಆಧಾರ ಒತ್ತೆ ಕೇಳಬಾರದು. ಮನೆಯ ಎಲ್ಲ ಸಾಲದ ಕಂತುಗಳು ಕೂಡಿ ತಿಂಗಳ ವರಮಾನದ ಅರ್ಧವನ್ನು ಮೀರಬಾರದು. ಬೆಳಿಗ್ಗೆ ಒಂಬತ್ತಕ್ಕೆ ಮೊದಲು, ಸಂಜೆ ಆರರ ನಂತರ ಫೋನು ಮಾಡಿ ಕಾಡಬಾರದು. ಬಂಧುಗಳನ್ನು ಪೀಡಿಸಬಾರದು. ಅವಧಿಗೆ ಮೊದಲೇ ಸಾಲ ತೀರಿಸಿದರೆ ದಂಡ ಹಾಕಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು, ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಸಾಲದ ಕಾರ್ಡು ಕೊಟ್ಟು, ನಿಜವಾದ ಬಡ್ಡಿದರವನ್ನೂ ಕಟ್ಟಿದ ಕಂತನ್ನೂ ಅದರಲ್ಲಿ ತೋರಿಸಬೇಕು. 1879ರ ಪಾಸ್‌ಬುಕ್ಕೇ ಹೊಸ ಹೆಸರಿನಲ್ಲಿ ಬಂದಿದೆ!

ನಿಜವಾದ ಬಡ್ಡಿದರ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೂವತ್ತು ಸಾವಿರ ಸಾಲಕ್ಕೆ ವರ್ಷಕ್ಕೆ ಶೇಕಡಾ 12 ಎಂದು ಒಬ್ಬ ಹೇಳುತ್ತಾನೆ ಎನ್ನಿ. ಬಡ್ಡಿ 3,600. ಒಟ್ಟು 33,600ನ್ನು ಹನ್ನೆರಡು ತಿಂಗಳಿಗೆ ಹಂಚಿ ತಿಂಗಳಿಗೆ 2,800 ಕಟ್ಟು ಎನ್ನುತ್ತಾನೆ. ಕೇಳಲು ನ್ಯಾಯವಾಗಿದೆ. ಆದರೆ ತಿಂಗಳು ತಿಂಗಳು ಅಸಲು ಕರಗುತ್ತ ಹೋಗುತ್ತದೆ, ಕೊನೆಯ ತಿಂಗಳು ನಮ್ಮ ಕೈಯಲ್ಲಿ ಉಳಿದ ಅಸಲು ಎರಡು ಮುಕ್ಕಾಲು ಸಾವಿರದಷ್ಟು ಮಾತ್ರ. ಬಡ್ಡಿ ಮಾತ್ರ ಮೂವತ್ತು ಸಾವಿರಕ್ಕೇ ಬಿದ್ದಿದೆ. ಉಳಿದ ಅಸಲಿಗಷ್ಟೇ ಬಡ್ಡಿ ಹಾಕಿ ನೋಡಿದರೆ ಆ 12 ಎಂಬುದು ನಿಜವಾಗಿ 21ಕ್ಕಿಂತ ಹೆಚ್ಚು. ಗಿರವಿಯವನ ನೂರಕ್ಕೆ ಮೂರು ರೂಪಾಯಿ ಎಂಬುದು ಕಿವಿಗೆ ಸಣ್ಣದಾಗಿ ಕೇಳುತ್ತದೆ. ಅದು ತಿಂಗಳಿನದು, ವರ್ಷಕ್ಕೆ 36 ಆಯಿತು. ಪರವಾನಗಿ ಪಡೆದ ಲೇವಾದೇವಿಯವರಿಗೆ ಸರ್ಕಾರ ಗೊತ್ತುಮಾಡಿದ ಮಿತಿ, ಭದ್ರತೆ ಇದ್ದರೆ ಶೇಕಡಾ 14, ಇಲ್ಲದಿದ್ದರೆ 16. ಬಡ್ಡಿಯ ಲೆಕ್ಕವನ್ನು ಶಾಲೆಯಲ್ಲಿ ಮಕ್ಕಳಿಗೆ ನಾವು ಕಲಿಸುತ್ತೇವೆ. ಅವರ ತಾಯಂದಿರಿಗೆ ಕಲಿಸಿದವರಿಲ್ಲ.

ನಮ್ಮ ತಾಲ್ಲೂಕಿನ ಒಳಗಿನ ಹಳ್ಳಿಯೊಂದರಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರುವ ಹೆಣ್ಣುಮಗಳೊಬ್ಬಳು ನನಗೆ ಪರಿಚಯ. ದಿನಕ್ಕೆರಡು ಬಸ್ಸು ಬರುವ ಊರು. ಅವಳ ಗಿರಾಕಿಗಳು ಪೇಟೆಯ ಖಾನಾವಳಿಗಳು. ಗಂಡ ತೀರಿಹೋಗಿ ಎಂಟು ವರ್ಷ. ಒಂದು ದಿನ ಅವಳು ಐದು ಕಡೆಯ ಸಾಲದ ಕಾಗದ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಕೂಡಿಸಿದಾಗ ಒಂದು ಲಕ್ಷ ಎಂಟು ಸಾವಿರ. ಎರಡು ಕಂಪನಿಗಳದು 65,000, ಮಗಳ ಬೆಂಡೋಲೆ ಗಿರವಿಯದು 20,000, ಸ್ತ್ರೀಶಕ್ತಿ ಸಂಘದ್ದು 14,000, ಜೋಳ ತಂದ ಅಂಗಡಿಯ ಉದ್ರಿ 9,000. ಗಂಡ ಇದ್ದಾಗಿನ ಒಂದು ಕೈಗಡವನ್ನೂ ತಾನೇ ಕೊಡಬೇಕೆಂದು ಅವಳು ತಿಳಿದಿದ್ದಳು. ಅವನಿಂದ ಅವಳಿಗೆ ಆಸ್ತಿ ಏನೂ ಬಂದಿರಲಿಲ್ಲ, ಅವಳು ಜಾಮೀನು ಸಹಿಯನ್ನೂ ಹಾಕಿರಲಿಲ್ಲ. ಸತ್ತವರ ಸಾಲಕ್ಕೆ ಅವರು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಮಾತ್ರ ವಾರಸುದಾರರು ಹೊಣೆ. ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂಬ ಹಳೆಯ ಹೊಣೆಯನ್ನೂ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ, ಅಲ್ಲಿಂದ ಮುಂದಿನ ಸಾಲಗಳಿಗೆ, ತೆಗೆದುಹಾಕಿದೆ. ಇದನ್ನು ಹೇಳಿದಾಗ ಅವಳು ಬಹಳ ಹೊತ್ತು ಸುಮ್ಮನೆ ಕೂತಿದ್ದಳು.

ಮುಂದೆ ಅವಳು ಮಾಡಿದ್ದು ಪವಾಡವೇನಲ್ಲ. ಮಗಳ ಹಳೆಯ ನೋಟ್‌ಪುಸ್ತಕದಲ್ಲಿ ಸಾಲಕ್ಕೊಂದು ಪುಟ ಮಾಡಿದಳು. ಅಕ್ಷರ ಮಗಳದು, ಲೆಕ್ಕ ಇವಳದು. ಅಡುಗೆಮನೆಯಲ್ಲಿ ಎರಡು ಡಬ್ಬಿ ಇಟ್ಟಳು. ರೊಟ್ಟಿಯ ದುಡ್ಡಿನಲ್ಲಿ ನಾಳೆಯ ಜೋಳ, ಶೇಂಗಾ, ಕಟ್ಟಿಗೆಗೆ ಬೇಕಾದದ್ದು ಮೊದಲು ಒಂದು ಡಬ್ಬಿಗೆ, ಉಳಿದದ್ದು ಮನೆಯ ಡಬ್ಬಿಗೆ. ಹೊಸ ಸಾಲ ಕೊಡುತ್ತೇವೆಂದು ಬಂದವರನ್ನು ಬಾಗಿಲಿನಿಂದಲೇ ಕಳಿಸಿದಳು. ಖಾನಾವಳಿಯವರಿಗೆ ಅರ್ಧ ಮುಂಗಡ ಕೊಟ್ಟರೆ ಮಾತ್ರ ರೊಟ್ಟಿ ಎಂದಳು. ಒಬ್ಬರು ಬಿಟ್ಟುಹೋದರು, ಇಬ್ಬರು ಉಳಿದರು. ಎಲ್ಲಕ್ಕಿಂತ ಬಡ್ಡಿ ಹೆಚ್ಚಿದ್ದ ಗಿರವಿಯನ್ನು ಮೊದಲು ಹಿಡಿದಳು. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ತನ್ನ ಐದೂ ಪುಟ ಓದಿಸಿ, ನೂರಕ್ಕೆ ಒಂದು ರೂಪಾಯಿ ಬಡ್ಡಿಯಂತೆ 20,000 ಕೇಳಿ ಪಡೆದು ಬೆಂಡೋಲೆ ಬಿಡಿಸಿದಳು. ತಿಂಗಳಿಗೆ 600 ಹೋಗುತ್ತಿದ್ದ ಬಡ್ಡಿ 200ಕ್ಕೆ ಇಳಿಯಿತು. ಉಳಿದ 400 ಅಂಗಡಿಯ ಉದ್ರಿಗೆ ಹೋಯಿತು. ಒಂದು ಕಂಪನಿಯ ಲೆಕ್ಕದಲ್ಲಿ ಅವಳ ಎರಡು ಕಂತು ಜಮೆಯಾಗಿರಲಿಲ್ಲ. ಕಾರ್ಡಿನ ಮೇಲಿನ ಸಹಿ ತೋರಿಸಿ ಪಟ್ಟುಹಿಡಿದು ಜಮೆ ಮಾಡಿಸಿದಳು. ಇಪ್ಪತ್ತೊಂದನೆಯ ತಿಂಗಳಿಗೆ ಐದೂ ಪುಟಗಳ ಮೇಲೆ ಅಡ್ಡಗೆರೆ ಬಿತ್ತು.

ಅವಳ ದುಡಿಮೆ ಮೊದಲು ಎಷ್ಟಿತ್ತೋ ಅಷ್ಟೇ ಇತ್ತು. ಮೊದಲೂ ಅವಳು ನಸುಕಿನಲ್ಲೇ ಎದ್ದು ಹಂಚು ಇಡುತ್ತಿದ್ದಳು. ಬದಲಾದದ್ದು ಆ ನೋಟ್‌ಪುಸ್ತಕ ಒಂದೇ ಎಂದು ನಾನು ಹೇಳಿದರೆ ಸುಲಭವಾಗಿ ಹೇಳಿದಂತಾದೀತು. ಮಗು ಹಾಸಿಗೆ ಹಿಡಿದಿದ್ದರೆ, ಸಂಘ ಇಲ್ಲದಿದ್ದರೆ, ಗಿರಾಕಿಗಳೆಲ್ಲ ಬಿಟ್ಟುಹೋಗಿದ್ದರೆ ಪುಸ್ತಕವೊಂದೇ ಏನೂ ಮಾಡುತ್ತಿರಲಿಲ್ಲ. ಆದರೆ ಪುಸ್ತಕವಿಲ್ಲದೆ ಸಂಘದ ಮುಂದೆ ಕೇಳುವ ಧೈರ್ಯ ಅವಳಿಗೆ ಬರುತ್ತಿರಲಿಲ್ಲ, ಜಮೆಯಾಗದ ಎರಡು ಕಂತು ಸಿಗುತ್ತಿರಲಿಲ್ಲ, ಗಂಡನ ಕೈಗಡಕ್ಕೂ ಅವಳು ಬಡ್ಡಿ ಕಟ್ಟುತ್ತಲೇ ಇರುತ್ತಿದ್ದಳು.

ಪೇಟೆಯಲ್ಲಿರುವ ನಮ್ಮಂಥ ಓದಿದ ಹೆಣ್ಣುಮಕ್ಕಳಿಗೂ ಇದರಲ್ಲಿ ಒಂದು ಕೆಲಸವಿದೆ ಎಂದು ನನಗೆ ಅನಿಸುತ್ತದೆ. ನಮ್ಮ ಮನೆಗೆ ಕೆಲಸಕ್ಕೆ ಬರುವವಳು, ತರಕಾರಿ ತರುವವಳು, ಬ್ಲೌಸ್ ಹೊಲಿದುಕೊಡುವವಳು, ಇವರಲ್ಲಿ ಯಾರಾದರೂ ಸಾಲದ ಕಾರ್ಡು ಹಿಡಿದು ಬಂದರೆ “ಯಾಕೆ ಇಷ್ಟು ಸಾಲ ಮಾಡಿಕೊಂಡೆ?” ಎಂದು ಮೊದಲೇ ಕೇಳುವುದು ಬೇಡ. ಆ ಮಾತು ಅವಳಿಗೆ ಮನೆಯಲ್ಲೂ ವಸೂಲಿಯವನ ಬಾಯಲ್ಲೂ ಸಾಕಷ್ಟು ಸಿಕ್ಕಿರುತ್ತದೆ. ಕಾರ್ಡು ತಿರುಗಿಸಿ ಬಡ್ಡಿದರ ಎಲ್ಲಿದೆ ತೋರಿಸಬಹುದು, ಉಳಿದ ಅಸಲು ಎಷ್ಟೆಂದು ಒಂದು ಹಾಳೆಯ ಮೇಲೆ ಬರೆದುಕೊಡಬಹುದು, ಕಾರ್ಡೇ ಇಲ್ಲವೆಂದರೆ ಕೇಳಿ ಪಡೆಯುವ ಹಕ್ಕು ನಿನಗಿದೆ ಎಂದು ಹೇಳಬಹುದು. ಆ ಹಾಳೆಯನ್ನು ಅವಳ ಕೈಗೇ ಕೊಟ್ಟು ಕಳಿಸಬೇಕು.